ಓಣಿಯ ಮಗ್ಗಗಳು ನಿಂತ ಮಧ್ಯಾಹ್ನ

ಕೊಡದೊಳಗಿನ ನೀರೂ ಬೆವರುವಂಥ ಚೈತ್ರದ ಮಧ್ಯಾಹ್ನದಲ್ಲಿ, ಐವತ್ತು ದಾಟಿದ ಹೆಂಗಸೊಬ್ಬಳು ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಎರಡು ದಪ್ಪ ಕೌದಿಗಳನ್ನು ತಲೆಯ ಮೇಲಿಂದ ಹೊದ್ದುಕೊಂಡು, ಒಳಗೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು "ಎಲೈ ಬಾಲಕನೇ, ಇತ್ತ ಬಾ" ಎಂದು ಪಿಸುಗುಟ್ಟುತ್ತ ಕೂತಿದ್ದನ್ನು ನೀವು ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದಿರೋ ನನಗೆ ಗೊತ್ತಿಲ್ಲ. ನನ್ನ ಅತ್ತೆ ಗೌರವ್ವ ಮಾತ್ರ ಸೊಸೆಗೆ ಚಳಿಜ್ವರ ಬಂದಿದೆ, ಜ್ವರದ ತಾಪಕ್ಕೆ ಬಡಬಡಿಸುತ್ತಿದ್ದಾಳೆ ಎಂದುಕೊಂಡು ಶುಂಠಿ ಕಷಾಯ ಮಾಡಿ ತಂದರು. ಕೌದಿಯ ಅಂಚನ್ನೆತ್ತಿ ಲೋಟವನ್ನು ಒಳಗೆ ತೂರಿಸಿ, "ಯಾವ ಬಾಲಕ ಬೇ ಅಂವಾ? ಕರದ್ರ ಬರಾಂಗಿಲ್ಲಂದ್ರ ಬಿಡು, ನೀ ಮೊದ್ಲ ಇದನ್ನ ಕುಡಿ" ಎಂದರು. ನನ್ನ ಮೊದಲ ಧ್ವನಿಪಾಠ ಅಲ್ಲಿಗೆ ಮುಗಿಯಿತು.

ನಾನು ಜ್ವರದಲ್ಲಿರಲಿಲ್ಲ; ಕೋರ್ಸಿನಲ್ಲಿದ್ದೆ. 'ತಂತ್ರಜ್ಞಾನ ಆಧಾರಿತ ಭಾಷಾ ಬೋಧನೆ' ಎಂಬುದು ಅದರ ಹೆಸರು. ಬನಹಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಸುಣ್ಣದ ಕಡ್ಡಿ ಮತ್ತು ಗಂಟಲು ಇವೆರಡೇ ತಂತ್ರಜ್ಞಾನವಾಗಿದ್ದ ಕಾಲ ಬಹಳ ಸುಖವಾಗಿ ಕಳೆದಿತ್ತು. ಆದರೆ ಮಕ್ಕಳು ಮೊಬೈಲಿನಲ್ಲಿ ಜಗತ್ತನ್ನೇ ಉರುಳಿಸುತ್ತಿರುವಾಗ ನಾನೊಬ್ಬಳೇ ಕಪ್ಪುಹಲಗೆ ಒರೆಸುತ್ತ ನಿಂತರೆ ಹೇಗೆ ಎಂಬ ಯೋಚನೆ ಹತ್ತಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯ ಇನ್ನಷ್ಟು ಕನ್ನಡ ಮಾಸ್ತರರ ಜೊತೆ ನಾನೂ ಹೆಸರು ಹಚ್ಚಿದೆ. ಮೊದಲ ದಿನ ಮತ್ತು ಕೊನೆಯ ದಿನ ಜಮಖಂಡಿಯ ಸಭಾಭವನದಲ್ಲಿ ಸೇರುವುದು, ನಡುವಿನದೆಲ್ಲ ಮನೆಯಿಂದಲೇ ಮೊಬೈಲಿನಲ್ಲಿ. ಪಾಠ ಹೇಳುವವಳು ಮೈಸೂರು ಕಡೆಯ ಮೇಘನಾ ಎಂಬ ಹುಡುಗಿ. ಹುಡುಗಿ ಎನ್ನಬಾರದು, ಗುರು. ಆದರೆ ನನ್ನ ಮಗಳಿಗಿಂತ ಚಿಕ್ಕವಳಾದ ಗುರುವನ್ನು ಮನಸ್ಸು ಏನೆಂದು ಕರೆಯಬೇಕು ಹೇಳಿ. ಬಾಯಲ್ಲಿ 'ಮೇಡಂ' ಎನ್ನುತ್ತಿದ್ದೆ, ಮನಸ್ಸಿನಲ್ಲಿ 'ಕೂಸೇ' ಎನ್ನುತ್ತಿದ್ದೆ. ಅವಳೂ ನನ್ನನ್ನು ಮೇಡಂ ಎನ್ನುತ್ತಿದ್ದಳು. ಹೀಗೆ ಮೇಡಂ ಮೇಡಂಗೆ ಕಲಿಸುತ್ತ, ಮೇಡಂ ಮೇಡಂನಿಂದ ಕಲಿಯುತ್ತ, ಕೋರ್ಸು ಕೊನೆಯ ಮಜಲಿಗೆ ಬಂತು.

ಆ ಕೊನೆಯ ಮಜಲೇ ಒಂದು ಧ್ವನಿಪಾಠ. ವ್ಯಾಕರಣದ ಯಾವುದಾದರೊಂದು ಭಾಗವನ್ನು ಆರಿಸಿಕೊಂಡು, ಮಕ್ಕಳು ಕೇಳಿ ಕಲಿಯುವಂತೆ ನಮ್ಮದೇ ದನಿಯಲ್ಲಿ ಹೇಳಿ ಕಳಿಸಬೇಕು. ಮೇಘನಾ ಎರಡು ಷರತ್ತು ಹಾಕಿದಳು: "ಭಾಷೆ ಜೀವಂತವಾಗಿರಬೇಕು, ಹಿನ್ನೆಲೆ ನಿಶ್ಶಬ್ದವಾಗಿರಬೇಕು." ಕೇಳಲಿಕ್ಕೆ ಸರಳ. ಆದರೆ ನೀವೇ ಯೋಚಿಸಿ, ಜೀವಂತವಾಗಿರುವುದು ಎಲ್ಲಾದರೂ ನಿಶ್ಶಬ್ದವಾಗಿರುತ್ತದೆಯೇ? ಅದರಲ್ಲೂ ರಬಕವಿ-ಬನಹಟ್ಟಿಯಲ್ಲಿ? ನನ್ನ ಹೆಸರು ಶಾಂತಾ. ಹೆತ್ತವರು ಬಹಳ ಆಸೆಯಿಂದ ಇಟ್ಟ ಹೆಸರು. ಮದುವೆಯಾಗಿ ಬಂದದ್ದು ಮಾತ್ರ ಹಗಲೂ ರಾತ್ರಿ ವಿದ್ಯುತ್ ಮಗ್ಗಗಳು ಖಟಖಟ ಖಟಖಟ ಎಂದು ಸೀರೆ ನೇಯುವ ಓಣಿಗೆ. ನಮ್ಮ ಗೋಡೆಗೆ ಹೊಂದಿಕೊಂಡು ಮಗ್ಗ, ಎದುರಿಗೆ ಮಗ್ಗ, ಹಿತ್ತಲ ಆಚೆ ಮಗ್ಗ. ಹೊಸದಾಗಿ ಬಂದವರಿಗೆ ತಲೆ ಸಿಡಿಯುವ ಆ ಸದ್ದು ನಮಗೆ ಕೇಳುವುದೇ ಇಲ್ಲ. ಇಲ್ಲಿಯ ಕೂಸುಗಳು ಮಗ್ಗ ನಡೆದಾಗ ಮಲಗಿ, ನಿಂತಾಗ ಚಿಟ್ಟನೆ ಚೀರಿ ಏಳುತ್ತವೆ. ನಾನೂ ಆ ಕೂಸುಗಳ ಸಾಲಿಗೇ ಸೇರಿ ಎಷ್ಟೋ ಕಾಲವಾಗಿತ್ತು. ಕೌದಿಯೊಳಗಿನ ಪಾಠವನ್ನು ಕಳಿಸಿದ ಮೇಲೆ ಮೇಘನಾ ಬಹಳ ಸೌಜನ್ಯದಿಂದ ಉತ್ತರಿಸಿದ್ದಳು: "ಮೇಡಂ, ನಿಮ್ಮ ದನಿ ತುಂಬಾ ಚೆನ್ನಾಗಿದೆ, ಸ್ವಲ್ಪ ಗುಹೆಯೊಳಗಿಂದ ಬಂದ ಹಾಗಿದೆ ಅಷ್ಟೆ. ಹಿಂದೆ ರೈಲು ಹೋಗ್ತಾ ಇದೆಯಾ? ಮತ್ತೆ ಕೊನೆಯಲ್ಲಿ ಯಾರೋ ಕಷಾಯ ಕುಡಿ ಅಂತಿದ್ದಾರೆ." ನಮ್ಮ ಊರಿಗೆ ರೈಲು ಬಂದೀತೆಂದು ಮಂದಿ ಎಷ್ಟು ಕಾಲದಿಂದ ದಾರಿ ಕಾಯುತ್ತಿದ್ದಾರೆಂಬುದು ಆ ಹುಡುಗಿಗೆ ಹೇಗೆ ತಿಳಿಯಬೇಕು! ನನ್ನ ಧ್ವನಿಪಾಠದಲ್ಲಾದರೂ ಅದು ಬಂದು ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಇನ್ನು ನಾನು ಆರಿಸಿಕೊಂಡ ವಿಷಯ ಸಂಬೋಧನಾ ವಿಭಕ್ತಿ. ಕರೆಯುವ ವಿಭಕ್ತಿ. ಪಠ್ಯಗಳಲ್ಲಿ ಅದಕ್ಕೆ ಕೊಡುವ ಉದಾಹರಣೆಗಳನ್ನು ನೀವೂ ಉರು ಹೊಡೆದಿರುತ್ತೀರಿ: ಓ ರಾಮನೇ, ಎಲೈ ಬಾಲಕನೇ, ಎಲೌ ದೇವಿಯೇ. ಅಷ್ಟು ವರ್ಷ ಕಲಿಸುವಾಗ, ಹೀಗೆ ಯಾರು ಯಾರನ್ನು ಕರೆಯುತ್ತಾರೆ ಎಂದು ಒಂದು ಸಲವಾದರೂ ನನಗೆ ಸಂಶಯ ಬರಲಿಲ್ಲ ನೋಡಿ. ವ್ಯಾಕರಣದ ಪುಸ್ತಕದಲ್ಲಿ ಒಬ್ಬ ಬಾಲಕನಿದ್ದಾನೆ, ಅವನನ್ನು ಹಾಗೇ ಕರೆಯಬೇಕು, ಅವನು ಹಾಗೆ ಕರೆದರೆ ಮಾತ್ರ ಬರುತ್ತಾನೆ, ಅಷ್ಟೇ.

ನಿಶ್ಶಬ್ದವನ್ನು ಹುಡುಕಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ಮಹಾಲಿಂಗಪುರದ ಬ್ಯಾಂಕೊಂದರಲ್ಲಿ ನೌಕರಿ ಮಾಡುವ ನಮ್ಮ ಮನೆಯವರು ಒಂದು ಭಾನುವಾರ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತುಬಚಿಯ ಹತ್ತಿರದ ತಮ್ಮ ಸೋದರಮಾವನ ಹೊಲಕ್ಕೆ ಕರೆದೊಯ್ದರು. ಸುತ್ತ ಆಳೆತ್ತರದ ಕಬ್ಬು, ಮೇಲೆ ಆಕಾಶ. ಆಹಾ ಎಂದು ಬದುವಿನ ಮೇಲೆ ಕೂತು ಶುರು ಮಾಡಿದೆ. ಕಬ್ಬಿನ ಗರಿಗಳು ಸರಸರ ಎಂದವು, ಅದು ಹೋಗಲಿ. ಸೋದರಮಾವ ಪರಪ್ಪಜ್ಜ ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತರು. ಹಿರಿಯರು, ಮನೆಗೆ ಬಂದ ಸೊಸೆ ಏನೋ ಹೇಳುತ್ತಿದ್ದಾಳೆ, ಸುಮ್ಮನೆ ಕೇಳಿದರೆ ಮರ್ಯಾದೆಯಲ್ಲ. ನಾನು "ವಿದ್ಯಾರ್ಥಿಗಳೇ" ಎಂದೆ. ಅವರು "ಹ್ಞೂಂ" ಎಂದರು. "ನಾಮಪ್ರಕೃತಿಗೆ ವಿಭಕ್ತಿ ಪ್ರತ್ಯಯಗಳು ಸೇರಿದಾಗ" ಎಂದೆ. "ಹೌದ್ ಹೌದ್" ಎಂದರು. "ನಾಮಪದವಾಗುತ್ತದೆ" ಎಂದೆ. "ಆಗಬೇಕಲ್ಲ ಮತ್ತ" ಎಂದರು. ಕೈಸನ್ನೆ ಮಾಡಿ ಸುಮ್ಮನಿರಲು ಬೇಡಿಕೊಂಡರೆ, "ನಾ ಏನ್ ಮಾತಾಡಾಕತ್ತೇನಿ, ಬರೇ ಹ್ಞೂಂ ಅನ್ನಾಕತ್ತೇನಿ. ಹ್ಞೂಂ ಅನ್ನಲಿಲ್ಲಂದ್ರ ಹೇಳಾವರಿಗೆ ಹುರುಪ ಎಲ್ಲಿಂದ ಬರತೈತಿ?" ಎಂದು ನನಗೇ ಬೋಧನಾಶಾಸ್ತ್ರದ ಪಾಠ ಹೇಳಿದರು. ಅವರ ಮಾತು ಖರೆಯೇ ಇತ್ತು. ಯಂತ್ರ ಎಷ್ಟು ಹೊತ್ತು ಬೇಕಾದರೂ ಕೇಳುತ್ತದೆ, ಒಂದು ಅಕ್ಷರ ಬಿಡದೆ ಹಿಡಿದಿಡುತ್ತದೆ, ಆದರೆ ಹ್ಞೂಂಗುಟ್ಟುವುದಿಲ್ಲ. ಆ ಖರೆಯನ್ನು ಮೇಘನಾಳಿಗೆ ಕಳಿಸುವ ಹಾಗಿರಲಿಲ್ಲ ಅಷ್ಟೇ.

ಕರೆಂಟು ಹೋದಾಗ ಮಗ್ಗ ನಿಲ್ಲುತ್ತವಲ್ಲ, ಆಗ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಿ ನೋಡಿದೆ. ಕರೆಂಟು ಹೋಗುತ್ತಲೇ ಓಣಿಯ ಗಂಡಸರು ಹೆಂಗಸರು ಎಲ್ಲ ಕಟ್ಟೆಗೆ ಬಂದು, ಮಗ್ಗದ ಸದ್ದಿನಲ್ಲಿ ಆಡಲಾಗದೆ ಉಳಿದಿದ್ದ ಅಷ್ಟೂ ಮಾತುಗಳನ್ನು ಒಮ್ಮೆಲೇ ಆಡತೊಡಗುತ್ತಾರೆ, ಅದೂ ಮಗ್ಗದ ಸದ್ದಿಗೆ ರೂಢಿಯಾದ ಎತ್ತರದ ದನಿಯಲ್ಲಿ.

ಕೊನೆಗೆ ನನ್ನ ಸಂಕಟ ಎದುರುಮನೆಯ ಸುಸಲವ್ವನಿಗೆ ತಿಳಿಯಿತು. ಮಗ್ಗಗಳ ಮನೆ ಅವಳದು; ಅವಳ ಇಬ್ಬರು ಮಕ್ಕಳೂ ನನ್ನ ಕೈಯಲ್ಲೇ ಕಲಿತವರು. "ಇಷ್ಟಕ್ಕ ಯಾಕ ಇಷ್ಟ ತ್ರಾಸ ಮಾಡ್ಕೋತೀರಿ ಅಕ್ಕೋರ? ಊಟದ ಹೊತ್ತಿನ್ಯಾಗ ಓಣಿ ಮಗ್ಗೆಲ್ಲಾ ಒಂದ್ ಸ್ವಲ್ಪ ಬಂದ್ ಮಾಡಿಸ್ತೇನಿ. ನೀವು ಹೇಳೂದ ಹೇಳಿ ಮುಗಸ್ರಿ" ಎಂದಳು. ಬೇಡವೆಂದೆ. ಕೇಳಲಿಲ್ಲ. ಮರುದಿನ ಮಧ್ಯಾಹ್ನ, ನಾನು ಬೇಸಿಗೆಯ ಬೆಳಗಿನ ಶಾಲೆ ಮುಗಿಸಿ ಬಂದದ್ದನ್ನು ನೋಡಿ, ಸೆರಗು ಬಿಗಿದುಕೊಂಡು ಓಣಿಯ ಮನೆಮನೆಗೆ ಹೋಗಿ "ನಮ್ಮ ಅಕ್ಕೋರ್ದು ಪರೀಕ್ಷಾ ಐತಿ" ಎಂದು ಹೇಳಿ ಬಂದಳು. ಹಬ್ಬಕ್ಕೆ ನಿಲ್ಲದ, ಮಂತ್ರಿ ಬಂದರೆ ನಿಲ್ಲದ ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದವು. ಕೊನೆಯದು ನಿಂತಾಗ ನನ್ನ ಕಿವಿಯೊಳಗೆ ಗುಂಯ್ ಎಂದಿತು. ಇಷ್ಟು ವರ್ಷ ಬಾಳಿದ ಮನೆಯಲ್ಲಿ ಗೋಡೆಗಡಿಯಾರಕ್ಕೂ ಒಂದು ಸದ್ದಿದೆ ಎಂಬುದು ಅಂದು ತಿಳಿಯಿತು. ಪಡಸಾಲೆಯಲ್ಲಿ ಬಾಗಿಲ ಮರೆಗೆ ಕೂತು ಗೌರವ್ವ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತಿದ್ದರು. ಕೈಮುಗಿದು ಅದನ್ನೂ ನಿಲ್ಲಿಸಿದೆ. ಮೊಬೈಲನ್ನು ಮಣೆಯ ಮೇಲಿಟ್ಟು, ಕೆಂಪು ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು "ವಿದ್ಯಾರ್ಥಿಗಳೇ" ಎಂದೆ.

ಆದರೆ ಒಂದು ಮಾತನ್ನು ನಾನೂ ಮರೆತಿದ್ದೆ, ಸುಸಲವ್ವನೂ ಮರೆತಿದ್ದಳು. ಕರೆಂಟು ಇದ್ದೂ ಒಂದು ಓಣಿಯ ಮಗ್ಗಗಳೆಲ್ಲ ನಿಂತರೆ ನೇಕಾರರ ಊರಿನಲ್ಲಿ ಅದಕ್ಕೆ ಒಂದೇ ಅರ್ಥ: ಆ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ.

ಕಾಯಿಪಲ್ಲೆ ಮಾರುವಾಕೆ ಬುಟ್ಟಿ ಹೊತ್ತು ಓಣಿಯ ಬಾಯಿಗೆ ಬಂದವಳು, ಫ್ಯಾನು ತಿರುಗುತ್ತಿದ್ದರೂ ಮಗ್ಗ ನಿಂತದ್ದನ್ನು ಕಂಡು ಅಲ್ಲಿಂದಲೇ ತಿರುಗಿದಳಂತೆ. ಯಾರು ಎಂದು ಅವಳು ಕೇಳಬೇಕಾಗಿಯೇ ಇರಲಿಲ್ಲ. ನಮ್ಮ ಅತ್ತೆಗೆ ಎಂಬತ್ತು ದಾಟಿತ್ತು. ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಜಮಖಂಡಿಯ ದವಾಖಾನೆಯಲ್ಲಿ ಮಲಗಿ, ಇನ್ನೇನು ಎನ್ನುವಲ್ಲಿಂದ ತಿರುಗಿ ಬಂದಿದ್ದರು. ಹೀಗಾಗಿ ಪಕ್ಕದ ಓಣಿಗೆ ಸುದ್ದಿ ಹೆಸರು ಸಮೇತ ಮುಟ್ಟಿತು.

ಆ ಪಕ್ಕದ ಓಣಿಯಲ್ಲಿ ನೀಲವ್ವ ಇದ್ದರು. ಗೌರವ್ವನ ನೆಗೆಣ್ಣಿ, ಅಂದರೆ ನನ್ನ ಮಾವನ ತಮ್ಮನ ಹೆಂಡತಿ. ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಈ ಇಬ್ಬರು ಮಾತು ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಮಾತು ಬಿಟ್ಟ ವರ್ಷ ಹುಟ್ಟಿದವರಿಗೆ ಈಗ ಮಕ್ಕಳಾಗಿದ್ದವು. ಕಾರಣ ಶೇಂಗಾ ಹೋಳಿಗೆ. ನನ್ನ ನಾದಿನಿಯ ನಿಶ್ಚಿತಾರ್ಥದಲ್ಲಿ ಬೀಗರ ಮುಂದೆ ನೀಲವ್ವ "ಹೋಳಿಗಿ ಛಲೋ ಆಗ್ಯಾವು, ಸಿಹಿ ಒಂದೀಟ ಕಮ್ಮಿ" ಎಂದರಂತೆ. ಗೌರವ್ವ "ಸಿಹಿ ತಿನ್ನಾವರ ನಾಲಿಗಿ ಮ್ಯಾಲ ಇರಬೇಕಾಗತೈತಿ" ಎಂದರಂತೆ. ಆಮೇಲೆ ಮನೆ ಎರಡಾಯಿತು, ಓಣಿಯೂ ಎರಡಾಯಿತು. ಎದುರಾದರೆ ಇಬ್ಬರೂ ಸೆರಗು ಮುಖಕ್ಕೆಳೆದುಕೊಂಡು ದಾಟುತ್ತಿದ್ದರು. ಅನಿವಾರ್ಯವಾಗಿ ಹೇಳಬೇಕಾದ್ದನ್ನು ಸೊಸೆಯಂದಿರ ಮೂಲಕ ಹೇಳಿಸುತ್ತಿದ್ದರು: "ಆಕಿಗೆ ಹೇಳು", "ಆಕಿ ಏನಂದ್ಳು". ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಜಗಳವೆಂದರೆ ಇಷ್ಟೇ: ಮಧ್ಯಮ ಪುರುಷದಲ್ಲಿ ಎದುರಿಗಿದ್ದವರನ್ನು ಎತ್ತಿ ಪ್ರಥಮ ಪುರುಷದಲ್ಲಿ ದೂರ ಕೂರಿಸುವುದು. 'ನೀನು' ಎಂಬುದು 'ಆಕಿ' ಆಗುವುದು.

ನಾನು "ಎಲೈ ಬಾಲಕನೇ" ಎಂಬಲ್ಲಿಗೆ ಬಂದು, ಮೂರು ಸಲ ತಡವರಿಸಿ, ನಾಲ್ಕನೆಯ ಸಲ ಮೊದಲಿನಿಂದ ಶುರು ಮಾಡಿ ಮತ್ತೆ ಅಲ್ಲಿಗೇ ಬಂದಿದ್ದೆ. ಓಣಿಯ ತುದಿಯಿಂದ ಒಂದು ದನಿ ಎದ್ದಿತು.

"ಅಕ್ಕಾ... ನನ್ನ ಅಕ್ಕಾ... ಒಂದ್ ಮಾತ ಹೇಳಲಾರ್ದ ಹೆಂಗ ಹ್ವಾದಿ ನನ್ನವ್ವಾ..."

ನಮ್ಮ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹೋದವರನ್ನು ಕರೆಕರೆದು, ಅವರು ಮಾಡಿದ್ದನ್ನು ಒಂದೊಂದಾಗಿ ಎಣಿಸಿ, ಹಾಡಿದಂತೆ ಅಳುತ್ತಾರೆ. ನೀಲವ್ವ ಹಾಗೆ ಅಳುತ್ತ, ಸೆರಗನ್ನು ಪೂರಾ ಮುಖದ ಮೇಲೆ ಹಾಕಿಕೊಂಡು, ಸೊಸೆಯ ಹೆಗಲು ಹಿಡಿದು ಬಂದು ನಮ್ಮ ಕಟ್ಟೆಯ ಮೇಲೆ ಕುಸಿದರು. ಹಿಂದೆ ಆ ಓಣಿಯ ಮಂದಿ. ಒಬ್ಬರ ಕೈಯಲ್ಲಿ ಹೂವಿನ ಹಾರ, ಭಜನೆಯವರಿಬ್ಬರ ಕೈಯಲ್ಲಿ ತಾಳ. ಮುಂದೆ ಬಂದವರು ಬಾಗಿಲಲ್ಲಿ ಇಣುಕಿದರೆ, ಯಾರ ದರ್ಶನಕ್ಕೆ ಬಂದರೋ ಅವರು ಕುಟ್ಟಾಣಿ ಮುಂದಿಟ್ಟುಕೊಂಡು ನೆಟ್ಟಗೆ ಕೂತು ಅವರನ್ನೇ ನೋಡುತ್ತಿದ್ದಾರೆ! ಹಾರ ಹಿಡಿದವರು ಹಾರವನ್ನು ಬೆನ್ನ ಹಿಂದೆ ಮಾಡಿದರು. ನಾನು ಗಾಬರಿಯಾಗಿ ನೀಲವ್ವನಿಗೆ ಹೇಳಲು ಎದ್ದೆ. ಗೌರವ್ವ ಕೈಯೆತ್ತಿ ನನ್ನನ್ನು ತಡೆದರು. ಅವರ ದನಿ ಬಹಳ ಸಣ್ಣದಾಗಿತ್ತು.

"ಸುಮ್ಮಕಿರು. ಮುಗೀಲಿ."

ಸೆರಗಿನ ಒಳಗಿದ್ದ ನೀಲವ್ವನಿಗೆ ಏನೂ ಕಾಣುತ್ತಿರಲಿಲ್ಲ.

"ಲಗ್ನಾಗಿ ಬಂದಾಗ ನಾ ಸಣ್ಣಾಕಿ ಇದ್ದೆ ಅಕ್ಕಾ, ನನ್ನ ಕಾಲಾಗಿನ ಮುಳ್ಳ ತಗದಾಕಿ, ಹಡದವ್ವನ್ಹಂಗ ತಲಿ ಹಿಕ್ಕಿ ಜಡಿ ಹಾಕಿದಾಕಿ, ಅತ್ತಿ ಬೈದ್ರ ನನ್ನ ಪಾಲಿನ ಬೈಗುಳಾನೂ ನೀನ ತಿಂದಾಕಿ... ನಿನ್ನ ಹೋಳಿಗಿ ಸಕ್ಕರಿ ಇದ್ಧಂಗ ಇದ್ದುವು ಅಕ್ಕಾ... ಮಂದಿ ಎಲ್ಲಾ ನಿನ್ನ ಹೊಗಳೂದು ನೋಡಿ ನನ್ನ ಹೊಟ್ಟಿ ಉರೀತು, ನನ್ನ ನಾಲಿಗಿ ಹಂಗ ಅಂತು... ನನ್ನ ಒಮ್ಮೆರ ಬೈದು ಹೋಗಬೇಕಿತ್ತಲ್ಲ ಅಕ್ಕಾ..."

ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಕಟ್ಟೆಯ ಕೆಳಗೆ ನಿಂತವರು ಉಸಿರಾಡುವುದೂ ಕೇಳುತ್ತಿತ್ತು. ನಗು ತಡೆಯಲೆಂದು ಬಾಯಿಗೆ ಸೆರಗು ಒತ್ತಿಕೊಂಡಿದ್ದ ಹೆಂಗಸರು ಹಾಗೇ ಒತ್ತಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ನೀಲವ್ವ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಒಳಗಿನಿಂದ ಗೌರವ್ವ ಎಂದರು:

"ನೀಲಾ, ಇಷ್ಟ ದಿವ್ಸ ಇವನ್ನೆಲ್ಲಾ ಎಲ್ಲಿಟ್ಟಿದ್ದಿ ಬೇ?"

ಸೆರಗು ಸರಿಯಿತು. ನೀಲವ್ವ ಬಾಗಿಲೊಳಗೆ ದಿಟ್ಟಿಸಿ ನೋಡಿದರು.

"ಇನ್ನಾ ಅದಿಯೇನ?"

"ಅದೇನಿ."

ಒಂದು ಗಳಿಗೆ ಆ ಮುದುಕಿಯ ಮುಖದ ಮೇಲೆ ಬಂದದ್ದನ್ನು ನಾನು ಹೇಳಲಾರೆ. ಮರುಗಳಿಗೆಯಲ್ಲಿ ಅದು ಸಿಟ್ಟಾಯಿತು. ಇಷ್ಟು ಮಂದಿಯ ನಡುವೆ ಮನಸ್ಸನ್ನು ಬಿಚ್ಚಿ ಹರಡಿಬಿಟ್ಟ ನಾಚಿಕೆಗೆ ಸಿಟ್ಟಲ್ಲದೆ ಬೇರೆ ಉಡುಪಿಲ್ಲವಲ್ಲ. "ಜೀವಂತ ಕುಂತು ನನ್ನ ಸುಳ್ಳ ಅಳಿಸಿದಿ! ಮಂದ್ಯಾಗ ನನ್ನ ಮಾನಾ ಕಳದಿ! ನಾ ಹೋಗ್ತೇನಿ" ಎಂದು ಕಟ್ಟೆಗೆ ಕೈಯೂರಿ ಎದ್ದು ನಿಂತರು. ಅವರು ಈಗ ಹೋದರೆ ಇನ್ನೊಮ್ಮೆ ಬರುವುದಿಲ್ಲ, ನಿಜವಾಗಿ ಮಗ್ಗ ನಿಂತ ದಿನವೂ ಬರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಡೆಯಲು ಸೊಸೆಗೆ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ಗೌರವ್ವ ಕೂತಲ್ಲಿಂದಲೇ ಹೇಳಿದರು:

"ಅತ್ತದ್ದು ಸುಳ್ಳಿದ್ರ ಹೋಗು ನೀಲಾ. ಖರೆ ಇದ್ರ ಒಳಗ ಬಾ."

ನೀಲವ್ವ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಕಟ್ಟೆಯ ಮೇಲೆ ಇಟ್ಟು ನಿಂತರು. ಓಣಿಯ ಕಡೆ ನೋಡಿದರು. ಒಳಗೆ ನೋಡಿದರು. ಆಮೇಲೆ, ಯಾರಿಗೆಂದು ತಿಳಿಯದ ಹಾಗೆ, ಬಾಗಿಲ ಚೌಕಟ್ಟಿಗೆ ಹೇಳಿದಂತೆ ಹೇಳಿದರು: "ಕಾಲ ಹಿಡ್ಕೊಂಡಾವು. ಯಾರರ ಕೈ ಕೊಡ್ರಿ."

ಕೈ ಕೊಡಲು ನಾಲ್ಕು ಮಂದಿ ಮುಂದೆ ಬಂದೆವು. ಅವರು ಯಾರ ಕೈಯನ್ನೂ ಹಿಡಿಯಲಿಲ್ಲ. ಗೌರವ್ವ ಗೋಡೆ ಹಿಡಿದು ನಿಧಾನವಾಗಿ ಎದ್ದು ಬಾಗಿಲತನಕ ಬಂದು ಕೈ ಚಾಚಿದಾಗ ಆ ಕೈಯನ್ನು ಹಿಡಿದು ಹೊಸ್ತಿಲು ದಾಟಿದರು.

ಉಳಿದದ್ದು ಸಂತಾಪಕ್ಕೆ ಬಂದವರ ಯೋಗಕ್ಷೇಮ. ಸುಸಲವ್ವ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ಇಟ್ಟಳು. ಗೌರವ್ವ ಹಾರ ತಂದವರನ್ನು ಕರೆದು, "ಹಿಂದ ಯಾಕ ಮುಚ್ಚಿಟ್ಕೊಂಡಿ? ಮಲ್ಲಿಗಿ ಛಲೋ ಅದಾವು. ದೇವರಿಗೆ ಹಾಕು" ಎಂದು ಜಗಲಿಯ ದೇವರಿಗೆ ಹಾಕಿಸಿದರು. ಭಜನೆಯವರು ಮೆಲ್ಲಗೆ ಜಾರಿಕೊಳ್ಳುತ್ತಿದ್ದುದನ್ನು ಕಂಡು, "ತಾಳಾ ತಂದೀರಿ, ಒಂದ್ ಪದಾ ಹೇಳಿ ಹೋಗ್ರಿ. ಆಮ್ಯಾಲ ನೀವು ಹೇಳೂದು ನನಗ ಕೇಳಸೂದಿಲ್ಲ" ಎಂದು ಕೂರಿಸಿಕೊಂಡರು. ಆ ಪದ ನಡೆದಿರುವಾಗ ನಮ್ಮ ಮನೆಯವರು ಬಂದರು. ಬ್ಯಾಂಕಿಗೆ ಯಾರೋ ಫೋನು ಮಾಡಿ ಅವ್ವ ಹೋದರೆಂದು ಹೇಳಿದ್ದರಂತೆ. ಮಹಾಲಿಂಗಪುರದಿಂದ ಸ್ಕೂಟರನ್ನು ಹೇಗೆ ಓಡಿಸಿಕೊಂಡು ಬಂದರೋ, ಬಾಗಿಲಲ್ಲಿ ಜನ, ಒಳಗೆ ಭಜನೆ. ಜನರನ್ನು ಸರಿಸಿಕೊಂಡು ಒಳಗೆ ಬಂದರೆ ಅವ್ವನೂ ಚಿಗವ್ವನೂ ಒಂದೇ ಕಪ್ಪು-ಬಸಿಯಲ್ಲಿ ಚಹಾ ಹಂಚಿಕೊಂಡು ಕುಡಿಯುತ್ತಿದ್ದಾರೆ. ಅರವತ್ತಕ್ಕೆ ಸಮೀಪಿಸಿದ ಆ ಮನುಷ್ಯ ಇಬ್ಬರ ನಡುವೆ ಕೂತು ಸಣ್ಣ ಹುಡುಗನ ಹಾಗೆ ಅತ್ತರು. "ಅಳಬ್ಯಾಡ್ ತಮ್ಮಾ, ಅದೆಲ್ಲಾ ನಾ ಅತ್ತು ಮುಗಿಸೇನಿ" ಎಂದು ನೀಲವ್ವ ಬೆನ್ನು ಸವರಿದರು.

ಮಗ್ಗಗಳು ಮತ್ತೆ ಶುರುವಾದ ಮೇಲೆ ನನಗೆ ಮೊಬೈಲಿನ ನೆನಪಾಯಿತು. ಮಣೆಯ ಮೇಲೆ ಅದು ಕೆಂಪು ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತೇ ಇತ್ತು. "ವಿದ್ಯಾರ್ಥಿಗಳೇ" ಎಂಬ ನನ್ನ ಶಾಸ್ತ್ರೀಯ ದನಿಯಿಂದ ಹಿಡಿದು ಭಜನೆಯ ತಾಳದವರೆಗೆ. ಎರಡು ದಿನ ಬಿಟ್ಟು ಒಬ್ಬಳೇ ಕೂತು ಅದನ್ನು ಹಚ್ಚಿ ಕೇಳಿದೆ. ನನ್ನ "ಎಲೈ ಬಾಲಕನೇ"ಯ ಬೆನ್ನಿಗೇ "ಅಕ್ಕಾ" ಬಂತು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಕೇಳಿದಾಗ ನನಗೆ ನಗುವೂ ಬಂತು, ಮತ್ತೇನೋ ಬಂತು. ಸಂಬೋಧನೆಗೆ ವಾಕ್ಯದ ಕ್ರಿಯೆಯೊಂದಿಗೆ ಸಂಬಂಧವಿಲ್ಲ, ಆದ್ದರಿಂದ ಅದನ್ನು ವಿಭಕ್ತಿಗಳ ಪಂಕ್ತಿಯಲ್ಲಿ ಕೂರಿಸಬೇಕೋ ಬೇಡವೋ ಎಂದು ತರ್ಕಿಸುವುದುಂಟು; ಕೂರಿಸಿದರೂ ಕೊನೆಯ ಎಲೆ ಅದಕ್ಕೆ. ನಾನೂ ಹಾಗೇ ಕಲಿಸಿದ್ದೆ. ಆದರೆ ಕರೆಯದೆ ಯಾವ ಕ್ರಿಯೆ ಶುರುವಾಗುತ್ತದೆ ಹೇಳಿ? ಕರೆದರೆ ತಾನೆ ಬರುವುದು, ಕೂರುವುದು, ಉಣ್ಣುವುದು, ಜಗಳವಾಡುವುದು? ಆ ಇಬ್ಬರ ನಡುವೆ ಏಳು ವಿಭಕ್ತಿಗಳೂ ಇಷ್ಟು ಕಾಲ ಓಡಾಡಿಕೊಂಡೇ ಇದ್ದವು. ಆಕಿಯನ್ನು, ಆಕಿಯಿಂದ, ಆಕಿಗೆ, ಆಕಿಯ ದೆಸೆಯಿಂದ. ಕಳೆದುಹೋಗಿದ್ದದ್ದು ಎಂಟನೆಯದೊಂದೇ.

ಇದನ್ನೇ ಪಾಠವಾಗಿ ಕಳಿಸಬಾರದೇಕೆ ಎಂಬ ಯೋಚನೆ ಬಂತು. ಆದರೆ ಅದು ಅವರ ಕಣ್ಣೀರು, ನನ್ನದಲ್ಲ. ಇಬ್ಬರನ್ನೂ ಕೂರಿಸಿ ಕೇಳಿಸಿ, ಒಪ್ಪಿಗೆ ಕೇಳಿದೆ. ಗೌರವ್ವ ಕೂಡಲೇ "ಕಳಸು. ನಾ ಖರೆಖರೆ ಹೋದಾಗ ಈಕಿಗೆ ಅಳು ಬರಲಿಲ್ಲಂದ್ರ ಇದನ್ನ ಹಚ್ಚಾಕ ಬರತೈತಿ" ಎಂದರು. ನೀಲವ್ವ ಬಹಳ ಹೊತ್ತು ಯೋಚಿಸಿ, "ಸಾಲಿ ಹುಡುಗ್ರಿಗೆ ಉಪಯೋಗ ಆಗೂದಾದ್ರ ಆಗ್ಲಿ. ಮೂಗ ಸೀನಿದ್ದಷ್ಟ ತಗದ ಹಾಕು" ಎಂದರು. ಕೋರ್ಸಿನಲ್ಲಿ ಕಲಿತ ಕತ್ತರಿಸುವ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ಹೊಟ್ಟೆ ಉರಿದ ಮಾತನ್ನೂ ತೆಗೆಯಲೇ ಎಂದು ಕೇಳಿದೆ. "ಅದ ಇರ್ಲಿ" ಎಂದರು.

ಮಾತನ್ನು ತಾನೇ ಅಕ್ಷರವಾಗಿಸುವ ತಂತ್ರಾಂಶವೊಂದನ್ನು ಮೇಘನಾ ಕಲಿಸಿದ್ದಳು. ಪಾಠಕ್ಕೆ ಬರಹವೂ ಇರಲಿ ಎಂದು ನೀಲವ್ವನ ಅಳುವನ್ನು ಅದಕ್ಕೆ ಕೇಳಿಸಿದೆ. ಅದು "ಅಕ್ಕಾ ಅಕ್ಕಾ" ಎಂಬುದನ್ನು "ಅಕ್ಕಿ ಅಕ್ಕಿ" ಎಂದು ಬರೆಯಿತು. "ಹೆಂಗ ಹ್ವಾದಿ" ಎಂಬುದು "ಹೆಂಗಸು ಹಾದಿ" ಆಯಿತು. ಹೋಳಿಗೆ 'ಹಳ್ಳಿಗೆ' ಹೋಯಿತು. ಕಿರಾಣಿ ಅಂಗಡಿಯ ಮುಂದೆ ದಾರಿ ತಪ್ಪಿ ನಿಂತ ಹೆಂಗಸೊಬ್ಬಳ ಕತೆಯ ಹಾಗೆ ಅದೊಂದು ಹೊಸ ಸಾಹಿತ್ಯವೇ ಆಗಿತ್ತು. ಪಾಪ, ಅದರದೇನು ತಪ್ಪು? ಅದಕ್ಕೆ ಯಾರೂ ನಮ್ಮ ಓಣಿಯ ಕನ್ನಡ ಕಲಿಸಿಲ್ಲ. ತಪ್ಪಿದ ಮಗುವಿನ ಕೈ ಹಿಡಿದು ತಿದ್ದಿಸುವ ಹಾಗೆ ಒಂದೊಂದೇ ಶಬ್ದವನ್ನು ತಿದ್ದಿದೆ. ತರಗತಿಯಲ್ಲಿ ಅದನ್ನು ಕೇಳಿಸಿ, ನಿಮ್ಮ ಮನೆಯಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಹೇಳಿ ಎಂದರೆ, ಎಂದೂ ಬಾಯಿ ಬಿಡದ ಮಕ್ಕಳೂ ಎದ್ದು ನಿಂತರು. ಯವ್ವಾ, ಯಪ್ಪಾ, ತಂಗೆವ್ವಾ, ಕಾಕಾ, ಲೇ ತಮ್ಮಾ. ಒಬ್ಬಳು ಬಹಳ ಸಂಕೋಚದಿಂದ, "ಅಕ್ಕೋರ, ನಮ್ಮವ್ವ ನಮ್ಮಪ್ಪಗ ಏನೂ ಅನ್ನೂದಿಲ್ರಿ, ಬಳಿ ಸಪ್ಪಳಾ ಮಾಡ್ತಾಳ್ರಿ, ಅಂವಾ ಬರ್ತಾನ್ರಿ" ಎಂದಳು. ಬಳೆಯ ಸಪ್ಪಳಕ್ಕೆ ಯಾವ ಪ್ರತ್ಯಯ ಹಚ್ಚಬೇಕೋ ನನಗೆ ಇನ್ನೂ ಹೊಳೆದಿಲ್ಲ. ಕಪ್ಪುಹಲಗೆ ತುಂಬಿತು. ಎಲೈ ಬಾಲಕ ಮಾತ್ರ ಅಂದು ರಜೆಯ ಮೇಲಿದ್ದ.

ಕೊನೆಯ ದಿನ ಜಮಖಂಡಿಯಲ್ಲಿ ಎಲ್ಲರ ಪಾಠಗಳನ್ನೂ ಕೇಳಿಸುವ ಏರ್ಪಾಡು. ನನ್ನ ಸರದಿ ಬಂದಾಗ ಸಭಾಭವನದಲ್ಲಿ ಪಾಠ ಕೇಳಿಸುತ್ತಿದ್ದ ಕಂಪ್ಯೂಟರು ಕೈಕೊಟ್ಟಿತು. ತಂತ್ರಜ್ಞಾನದ ಕೋರ್ಸುಗಳಲ್ಲಿ ಇದು ಮಂಗಳಾರತಿಯಷ್ಟೇ ಕಡ್ಡಾಯ. ಮೊಬೈಲನ್ನೇ ಮೈಕಿನ ಮುಂದೆ ಹಿಡಿದು ನಿಂತೆ. ನೀಲವ್ವನ ದನಿ ಎದ್ದಾಗ ಹಿಂದಿನ ಸಾಲಿನಲ್ಲಿ ನಗು ಹುಟ್ಟಿತು, ನಡುವೆ ಎಲ್ಲೋ ನಿಂತಿತು. "ಖರೆ ಇದ್ರ ಒಳಗ ಬಾ" ಎಂಬಲ್ಲಿಗೆ ಯಾರೂ ಕುರ್ಚಿ ಕೂಡ ಸರಿಸುತ್ತಿರಲಿಲ್ಲ. ಬೀಳಗಿಯಿಂದ ಬಂದಿದ್ದ ಹಿರಿಯ ಮಾಸ್ತರರೊಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಹೋದರು. ಕಿಟಕಿಯಲ್ಲಿ ನೋಡಿದರೆ ಮರದ ಕೆಳಗೆ ನಿಂತು ಯಾರಿಗೋ ಫೋನು ಮಾಡುತ್ತಿದ್ದರು. ಮೇಘನಾ ತನ್ನ ಕೈಯಲ್ಲಿದ್ದ ಅಂಕಪಟ್ಟಿಯನ್ನು ಮರೆತು, ಕಥೆ ಕೇಳುವ ಹುಡುಗಿಯ ಹಾಗೆ "ಮುಂದೇನಾಯ್ತು ಮೇಡಂ? ಬಂದ್ರಾ ಒಳಗೆ?" ಎಂದಳು. ಬಂದರು ಎಂದೆ. "ಸದ್ಯ" ಎಂದು ಉಸಿರು ಬಿಟ್ಟಳು. ಆಮೇಲೆ ಗುರುವಿನ ಜವಾಬ್ದಾರಿ ನೆನಪಾಗಿ ನನ್ನ ಪಾಠಕ್ಕೆ ಟಿಪ್ಪಣಿ ಬರೆದಳು: ಭಾಷೆ ಜೀವಂತವಾಗಿದೆ, ಹಿನ್ನೆಲೆಯಲ್ಲಿ ಜನ ಸ್ವಲ್ಪ ಹೆಚ್ಚಾದರು. ನಾನು ತೇರ್ಗಡೆಯಾದೆ. ಪ್ರಮಾಣಪತ್ರ ಕೊಡುವಾಗ ಅವಳು ಮೆಲ್ಲಗೆ, "ನಿಮ್ಮನ್ನ ಮೇಡಂ ಅನ್ನೋದು ಬಿಟ್ಟು ನಿಮ್ಮೂರಲ್ಲಿ ಏನಂತಾರೋ ಹಾಗೆ ಕರೀಲಾ?" ಎಂದಳು. "ಅಕ್ಕೋರ ಅಂತಾರ" ಎಂದೆ. "ಅಕ್ಕೋರ" ಎಂದಳು, ಮೈಸೂರಿನ ಮೆತ್ತನೆಯ ನಾಲಿಗೆಯಲ್ಲಿ. "ಛಲೋ ಬಂತು ಕೂಸೇ" ಎಂದೆ, ಈ ಸಲ ಬಾಯಿಬಿಟ್ಟು.

ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಮನೆಗೆ ಬಂದರೆ ಗೌರವ್ವ ಅದನ್ನು ನೋಡಲೂ ಇಲ್ಲ. ಅವರಿಗೊಂದು ತುರ್ತು ಕೆಲಸವಿತ್ತು. ನೀಲವ್ವ ದಿನಾ ಮಧ್ಯಾಹ್ನ ಬಂದು ಕೂತು ಹೋಗುವ ರೂಢಿಯಾಗಿತ್ತು. ಅಂದು ಮೊಣಕಾಲು ನೋವೆಂದು ಬಂದಿರಲಿಲ್ಲ. "ನಿನ್ನ ಅದರಾಗ ನನ್ನ ದನಿ ಆಕಿ ಮನಿಗೆ ಕಳಿಸಾಕ ಬರತೈತೇನ? ಇಷ್ಟ ದಿವ್ಸ ಓದಿ ಬಂದಿಯಲ್ಲ, ಕಲಿಸು ನೋಡೂಣು" ಎಂದರು. ನೀಲವ್ವನ ಸೊಸೆಯ ವಾಟ್ಸಾಪನ್ನು ತೆಗೆದು, ಇದನ್ನು ಒತ್ತಿ ಹಿಡಿದು ಮಾತಾಡಬೇಕು, ಮುಗಿದ ಮೇಲೆ ಬಿಡಬೇಕು ಎಂದು ತೋರಿಸಿದೆ. ಸುಕ್ಕುಗಟ್ಟಿದ ಬೆರಳು ಎರಡು ಸಲ ಜಾರಿತು, ಮೂರನೆಯ ಸಲ ನಿಂತಿತು. ಗೌರವ್ವ ಮೊಬೈಲನ್ನು ಬಾಗಿಲೆಂಬಂತೆ ನೋಡುತ್ತ, ಗಟ್ಟಿಯಾಗಿ, "ನೀಲಾ" ಎಂದು ಬೆರಳು ತೆಗೆದುಬಿಟ್ಟರು.

"ಅಷ್ಟ ಅಲ್ರಿ ಅತ್ತಿ, ಹೇಳೂದೆಲ್ಲಾ ಒಮ್ಮೆಲೇ ಹೇಳಬೇಕ್ರಿ" ಎಂದೆ.

"ಆಕಿ ಓ ಅನ್ನಲಾರ್ದ ಹೆಂಗ ಹೇಳಲಿ?" ಎಂದರು ಅತ್ತೆ, ಇಷ್ಟೂ ತಿಳಿಯದ ಸೊಸೆಯನ್ನು ನೋಡಿ. ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕೂತರು. ಎದುರಿಗೆ ಸುಸಲವ್ವನ ಮಗ್ಗಗಳು ನಡೆದೇ ಇದ್ದವು. ನಾನು ಕಾಲು ತೊಳೆದು ಬರುವಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಒತ್ತಿ ಅತ್ತೆಯ ಕಿವಿಗೆ ಹಿಡಿದೆ. ಪಕ್ಕದ ಓಣಿಯ ಮಗ್ಗಗಳ ಸದ್ದಿನ ನಡುವಿನಿಂದ ನೀಲವ್ವನ ದನಿ ಬಂತು.

"ಓ ಅಕ್ಕಾ. ಹೇಳು."